ಗರಿ ಹುಟ್ಟುವುದು ಕೊಳವೆಯಾಗಿ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಟಿ ಕೋಳಿ ಸಾಕಿದ್ದೇವೆ. ಮರಿಗಳಿಗೆ ಮೊದಲ ವಾರದಲ್ಲೇ ರೆಕ್ಕೆಯ ಅಂಚಿನಲ್ಲಿ ಕಡ್ಡಿ ಕಡ್ಡಿಯಾಗಿ ಏನೋ ಮೂಡುತ್ತೆ, ಆಮೇಲೆ ಅದೇ ಗರಿಯಾಗುತ್ತೆ. ಒಳಗೆ ಏನು ನಡೆಯುತ್ತೆ? ಹಲ್ಲಿ, ಮೊಸಳೆಗಳಂಥ ಪ್ರಾಣಿಗಳ ಹುರುಪೆ ಉದ್ದವಾಗಿ ಸೀಳಿಕೊಂಡು ಗರಿಯಾಯಿತು ಅಂತ ಹಿಂದೆ ಓದಿದ ನೆನಪು. ಅದು ನಿಜವಾ? ಪೂರ್ತಿ ರೆಕ್ಕೆ ಬರುವ ಮುಂಚೆ ಅರ್ಧಂಬರ್ಧ ಗರಿಯಿಂದ ಆ ಪ್ರಾಣಿಗೆ ಏನು ಉಪಯೋಗವಿತ್ತು? ಇನ್ನೊಂದು ಮಾತು. ಬೇಲಿ ಹಾರುತ್ತೆ ಅಂತ ಒಂದು ಹೇಂಟೆಯ ರೆಕ್ಕೆ ಗರಿ ಕತ್ತರಿಸಿದೆವು. ಅದು ಮತ್ತೆ ಬೆಳೆಯುತ್ತಾ?

ಉತ್ತರ: ಆ ಕಡ್ಡಿಯಿಂದಲೇ ಶುರು ಮಾಡೋಣ. ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಅದರೊಳಗೇ ಇದೆ. ನೋಡಲು ಮುಳ್ಳಿನ ಹಾಗಿದ್ದರೂ ಅದು ಗಟ್ಟಿ ಕಡ್ಡಿಯಲ್ಲ, ಕೊಳವೆ. ಯಾವ ಹಕ್ಕಿಯ ಯಾವ ಗರಿಯೇ ಇರಲಿ, ಹುಟ್ಟುವುದು ಕೊಳವೆಯಾಗಿ. ಚಪ್ಪಟೆಯಾಗುವುದು ಕೊನೆಯಲ್ಲಿ.

ಕೋಳಿಮೊಟ್ಟೆ ಕಾವಿಗೆ ಕೂತು 21 ದಿನಕ್ಕೆ ಮರಿಯಾಗುತ್ತದೆ. ಏಳನೇ ದಿನದ ಆಸುಪಾಸಿನಲ್ಲಿ ಭ್ರೂಣದ ಬೆನ್ನಿನ ನಡುಗೆರೆಯ ಮೇಲೆ ಚರ್ಮ ಚುಕ್ಕೆ ಚುಕ್ಕೆಯಾಗಿ ದಪ್ಪವಾಗುತ್ತದೆ. ಮೊದಲು ಒಂದು ಸಾಲು, ಆಮೇಲೆ ಅದರ ಎರಡೂ ಪಕ್ಕಕ್ಕೆ ಇನ್ನಷ್ಟು ಸಾಲು. ಮೇಲ್ಚರ್ಮವೂ ಅದರ ಕೆಳಗಿನ ಒಳಚರ್ಮವೂ ಒಂದಕ್ಕೊಂದು ರಾಸಾಯನಿಕ ಸಂದೇಶ ಕಳಿಸಿಕೊಂಡು ಗರಿಯ ಜಾಗ ಗೊತ್ತು ಮಾಡುತ್ತವೆ. ಪ್ರತಿ ಚುಕ್ಕೆಯೂ "ಇಲ್ಲಿ ಗರಿ ಬರಲಿ" ಎನ್ನುವ ಸಂದೇಶದ ಜೊತೆಗೆ "ನನ್ನ ಪಕ್ಕದಲ್ಲೇ ಬೇಡ" ಎನ್ನುವ ಸಂದೇಶವನ್ನೂ ಹೊರಡಿಸುತ್ತದೆ. ಪುಕ್ಕ ಕಿತ್ತ ಕೋಳಿಯ ಚರ್ಮದ ಮೇಲೆ ಸಣ್ಣ ಸಣ್ಣ ಗುಳಿಗಳು ಅಷ್ಟು ಅಚ್ಚುಕಟ್ಟಾಗಿ, ಸಮ ಅಂತರದಲ್ಲಿ ಕಾಣುವುದು ಇದರಿಂದಲೇ.

ಚುಕ್ಕೆ ಉಬ್ಬಿ ಮೇಲೇಳುತ್ತದೆ, ಉದ್ದವಾಗುತ್ತದೆ. ಅದರ ಬುಡದ ಸುತ್ತಲಿನ ಚರ್ಮ ಒಳಕ್ಕೆ ಇಳಿದು ಗುಳಿಯಾಗುತ್ತದೆ. ಗುಳಿಯ ತಳದಲ್ಲಿ ಜೀವಕೋಶಗಳ ಒಂದು ಉಂಗುರವಿದೆ. ಗರಿ ತಯಾರಾಗುವುದೆಲ್ಲ ಈ ಉಂಗುರದಲ್ಲೇ. ಇಲ್ಲಿನ ಕೋಶಗಳು ಒಡೆದು ಹೆಚ್ಚುತ್ತಲೇ ಇರುತ್ತವೆ. ಹೊಸವು ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಹಾಗಾಗಿ ಗರಿಯ ತುದಿ ಎಲ್ಲಕ್ಕಿಂತ ಹಳೆಯದು, ಬುಡ ಎಲ್ಲಕ್ಕಿಂತ ಹೊಸದು. ಕೊಳವೆಯ ಒಳಗೆ ರಕ್ತನಾಳ ತುಂಬಿದ ಮೆತ್ತನೆಯ ತಿರುಳು, ಹೊರಗೆ ತೆಳ್ಳನೆಯ ಪೊರೆ. ನಿಮ್ಮ ಮರಿಗಳ ರೆಕ್ಕೆಯಲ್ಲಿ ಆ ಕಡ್ಡಿಗಳ ಬುಡ ನೀಲಿ ಮಿಶ್ರಿತ ಕಪ್ಪಾಗಿ ಕಂಡರೆ ಅದು ಒಳಗಿನ ರಕ್ತದ ಬಣ್ಣ.

ಮುಂದಿನ ಹಂತ ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು. ಉಂಗುರದಲ್ಲಿ ಕೋಶಗಳು ಒಂದೇ ಗೋಡೆಯಾಗಿ ಮೇಲೇಳುವುದಿಲ್ಲ. ಗೋಡೆಯ ಒಳಮೈ ಉದ್ದುದ್ದ ಏಣುಗಳಾಗಿ ಪಾಲಾಗುತ್ತದೆ. ಒಂದೊಂದು ಏಣೂ ಮುಂದೆ ಗರಿಯ ಒಂದೊಂದು ಎಳೆ. ಏಣುಗಳ ನಡುವಿನ ಕೋಶಗಳು ಸಾಯುತ್ತವೆ, ಆ ಜಾಗ ಖಾಲಿಯಾಗಿ ಎಳೆಗಳು ಬಿಡಿಬಿಡಿಯಾಗುತ್ತವೆ. ಅಂದರೆ ಗರಿಯ ಆಕಾರ ಅರ್ಧ ಬೆಳವಣಿಗೆಯಿಂದ, ಇನ್ನರ್ಧ ಸಾವಿನಿಂದ. ಎಲ್ಲಿ ಏಣು, ಎಲ್ಲಿ ಸಂದು ಎಂದು ಗೊತ್ತು ಮಾಡುವ ಸಂದೇಶಗಳಲ್ಲಿ ಮುಖ್ಯವಾದವು ಸಾನಿಕ್ ಹೆಜ್‌ಹಾಗ್ ಮತ್ತು ಬಿಎಂಪಿ ಎಂಬ ಪ್ರೋಟೀನುಗಳು. ನಮ್ಮ ಭ್ರೂಣದಲ್ಲಿ ಬೆರಳು ಮೂಡುವಾಗಲೂ ಇವೇ ಕೆಲಸ ಮಾಡುತ್ತವೆ.

ಏಣುಗಳು ನೆಟ್ಟಗೆ ಮೇಲೆ ಬೆಳೆದರೆ ಏನಾಗುತ್ತದೆ? ಒಂದೇ ಬುಡದಿಂದ ಹೊರಟ ಎಳೆಗಳ ಗೊಂಚಲು. ಅದೇ ತುಪ್ಪುಳ. ಮೊಟ್ಟೆಯಿಂದ ಬಂದ ಮರಿಯ ಮೈಮೇಲಿರುವುದು ಇದು. ಸ್ವಲ್ಪ ದಿನದಲ್ಲಿ ಅದೇ ಗುಳಿಯ ಅದೇ ಉಂಗುರ ದಂಟಿರುವ ಗರಿ ತಯಾರಿಸಲು ತೊಡಗುತ್ತದೆ. ಹೊಸ ಗರಿ ಹಳೆಯ ತುಪ್ಪುಳವನ್ನು ತಲೆಯ ಮೇಲೆ ಹೊತ್ತುಕೊಂಡೇ ಹೊರಬರುತ್ತದೆ. ಒಂದು ವಾರದ ಮರಿಯೊಂದನ್ನು ಕೈಯಲ್ಲಿ ಹಿಡಿದು ರೆಕ್ಕೆ ಬಿಡಿಸಿ ನೋಡಿ. ಗರಿಯ ತುದಿಗೆ ತುಪ್ಪುಳದ ಕುಚ್ಚು ಇನ್ನೂ ಅಂಟಿಕೊಂಡಿರುವುದು ಕಾಣಬಹುದು. ಆಮೇಲೆ ಅದು ಸವೆದು ಹೋಗುತ್ತದೆ.

ದಂಟಿರುವ ಗರಿಯಲ್ಲಿ ಏಣುಗಳು ನೆಟ್ಟಗೆ ಬೆಳೆಯುವುದಿಲ್ಲ, ಓರೆಯಾಗಿ ಸುತ್ತಿಕೊಂಡು ಬೆಳೆಯುತ್ತವೆ. ಉಂಗುರದ ಹಿಂಬದಿಯಲ್ಲಿ ಹೊಸ ಏಣು ಹುಟ್ಟುತ್ತದೆ. ಎಡದ್ದು ಎಡಗಡೆಯಿಂದ, ಬಲದ್ದು ಬಲಗಡೆಯಿಂದ ಮುಂಬದಿಗೆ ಸರಿಯುತ್ತದೆ. ಮುಂಬದಿಯಲ್ಲಿ ಎಲ್ಲವೂ ಬಂದು ಸೇರಿದ ಜಾಗವೇ ನಡುದಂಟು. ಮುಂದು ಯಾವುದು, ಹಿಂದು ಯಾವುದು ಎಂದು ಹೇಳುವುದು ವಿಂಟ್-3ಎ ಎಂಬ ಇನ್ನೊಂದು ಪ್ರೋಟೀನು. ಅದು ಉಂಗುರದ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇರುತ್ತದೆ. ಪ್ರಯೋಗದಲ್ಲಿ ಈ ಏರಿಳಿತವನ್ನು ಸಮ ಮಾಡಿದರೆ ದಂಟು ಮೂಡುವುದೇ ಇಲ್ಲ.

ಎಲ್ಲ ಮುಗಿದ ಮೇಲೆ ಹೊರಗಿನ ಪೊರೆ ಒಣಗುತ್ತದೆ. ಹಕ್ಕಿ ಕೊಕ್ಕಿನಿಂದ ಅದನ್ನು ಉಜ್ಜಿ ಉದುರಿಸುತ್ತದೆ. ಆಗ ಒಳಗೆ ಸುತ್ತಿಕೊಂಡಿದ್ದ ಗರಿ, ಬಾಳೆಯ ಕುಡಿ ಎಲೆ ಸುರುಳಿ ಬಿಚ್ಚಿ ಅಗಲವಾಗುವಂತೆ, ತೆರೆದುಕೊಳ್ಳುತ್ತದೆ. ಕೊಳವೆಯ ಹೊರಮೈ ಗರಿಯ ಮೇಲ್ಬದಿಯಾಗುತ್ತದೆ, ಒಳಮೈ ಕೆಳಬದಿಯಾಗುತ್ತದೆ. ಈ ಮಾತು ನೆನಪಿರಲಿ, ಹುರುಪೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಅಂಗಳದಲ್ಲಿ ಬಿದ್ದ ಕಾಗೆಯದೋ ಪಾರಿವಾಳದ್ದೋ ರೆಕ್ಕೆಯ ಗರಿ ಒಂದನ್ನು ಎತ್ತಿಕೊಳ್ಳಿ. ಬುಡದಲ್ಲಿ ಸೂಜಿ ಹೋಗುವಷ್ಟು ತೂತಿದೆ. ರಕ್ತನಾಳ ಒಳಗೆ ಹೋಗುತ್ತಿದ್ದ ಬಾಗಿಲು ಅದು. ಬುಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಳಗೆ ತೆಳ್ಳನೆಯ ಒಣ ಪೊರೆಗಳು ಒಂದರ ಮೇಲೊಂದು ಟೋಪಿಯ ಹಾಗೆ ಕಾಣುತ್ತವೆ. ಗರಿ ಬೆಳೆದಂತೆಲ್ಲ ತಿರುಳು ಕೆಳಕ್ಕೆ ಇಳಿಯುತ್ತಾ ಬಿಟ್ಟುಹೋದ ಗುರುತು ಅವು. ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಡ್ಡಡ್ಡಕ್ಕೆ ಮಬ್ಬು-ತಿಳಿ ಪಟ್ಟೆಗಳೂ ಕಾಣಬಹುದು. ಒಂದು ಮಬ್ಬು, ಒಂದು ತಿಳಿ ಸೇರಿದರೆ ಸುಮಾರು ಒಂದು ದಿನದ ಬೆಳವಣಿಗೆ. ಆ ದಿನಗಳಲ್ಲಿ ಹೊಟ್ಟೆಗೆ ಸರಿಯಾಗಿ ಸಿಗದಿದ್ದರೆ ಪಟ್ಟೆ ಕಿರಿದಾಗುತ್ತದೆ.

ಇನ್ನು ಎರಡು ಎಳೆಗಳನ್ನು ಬೇರೆ ಮಾಡಿ, ಆಮೇಲೆ ಬೆರಳಿನಿಂದ ಬುಡದಿಂದ ತುದಿಗೆ ಸವರಿ. ಮತ್ತೆ ಕೂಡಿಕೊಳ್ಳುತ್ತವೆ! ಪ್ರತಿ ಎಳೆಯಿಂದಲೂ ಎರಡು ಕಡೆಗೆ ಕಿರುಎಳೆಗಳು ಹೊರಡುತ್ತವೆ. ಒಂದು ಕಡೆಯವಕ್ಕೆ ಸೂಕ್ಷ್ಮ ಕೊಕ್ಕೆ, ಇನ್ನೊಂದು ಕಡೆಯವಕ್ಕೆ ಕೊಕ್ಕೆ ಸಿಕ್ಕಿಕೊಳ್ಳಲು ಮಡಿಕೆ. ಹೀಗೆ ಬಿಡಿ ಎಳೆಗಳೆಲ್ಲ ಸೇರಿ ಗಾಳಿ ತಡೆಯುವ ಹಾಳೆಯಾಗುತ್ತದೆ. ಕೊಕ್ಕೆ ಬಿಟ್ಟರೆ ಹಕ್ಕಿ ಕೊಕ್ಕಿನಿಂದ ಸವರಿ ಸರಿಮಾಡಿಕೊಳ್ಳುತ್ತದೆ. ಕೊಕ್ಕೆಗಳ ಕೆಲಸ ಒಂದು ಗರಿಯೊಳಗೆ ಮುಗಿಯುವುದಿಲ್ಲ. ಪಾರಿವಾಳದ ರೆಕ್ಕೆ ಬಿಚ್ಚಿದಾಗ ಅಕ್ಕಪಕ್ಕದ ಗರಿಗಳು ಒಂದರ ಮೇಲೊಂದು ಬರುವ ಕಡೆಯೂ ಸೂಕ್ಷ್ಮ ಕೊಕ್ಕೆಗಳಿದ್ದು, ಅವು ಗರಿಗಳ ನಡುವೆ ಸಂದು ಬಿಡದಂತೆ ಹಿಡಿಯುತ್ತವೆ. ಇದು ತಿಳಿದದ್ದು ಇತ್ತೀಚೆಗೆ, 2020ರಲ್ಲಿ. ಸದ್ದಿಲ್ಲದೆ ಹಾರುವ ಕಣಜ ಗೂಬೆಯಲ್ಲಿ ಇವು ಇಲ್ಲ. ಕೊಕ್ಕೆ ಬಿಚ್ಚುವಾಗ ಚರಚರ ಸದ್ದಾಗುತ್ತದೆ, ಬೇಟೆ ಓಡಿಹೋಗುತ್ತದೆ.

ಹಾಗೇ ಆ ಗರಿಯ ದಂಟು ಎಲ್ಲಿದೆ ನೋಡಿ. ನಡುವೆ ಇಲ್ಲ, ಅಲ್ವಾ? ಒಂದು ಕಡೆಯ ಅಲಗು ಕಿರಿದು, ಇನ್ನೊಂದು ಕಡೆಯದು ಅಗಲ. ಹಾರುವಾಗ ಗಾಳಿಗೆ ಎದುರಾಗುವುದು ಕಿರಿದಾದ ಕಡೆ. ರೆಕ್ಕೆಯನ್ನು ಮೇಲೆತ್ತುವ ಬಲ ಅಗಲದ ನಡುವೆ ಅಲ್ಲ, ಮುಂಚೂಣಿಗೆ ಹತ್ತಿರ, ಸುಮಾರು ಕಾಲುಭಾಗದಲ್ಲಿ ಕೆಲಸ ಮಾಡುತ್ತದೆ. ದಂಟು ಅಲ್ಲೇ ಇದ್ದರೆ ಗರಿ ಸ್ಥಿರವಾಗಿ ನಿಲ್ಲುತ್ತದೆ. ನಡುವೆ ಇದ್ದಿದ್ದರೆ ಗಾಳಿಯ ರಭಸಕ್ಕೆ ಮುರಿಗೊಂಡು ತಿರುಚಿಕೊಳ್ಳುತ್ತಿತ್ತು. ತೇಲುತ್ತಿರುವ ಹದ್ದಿನ ರೆಕ್ಕೆತುದಿಯಲ್ಲಿ ಗರಿಗಳು ಬೆರಳಿನಂತೆ ಬಿಡಿಯಾಗಿರುತ್ತವೆ. ಅಲ್ಲಿ ಒಂದೊಂದು ಗರಿಯೂ ತಾನೇ ಒಂದು ಪುಟ್ಟ ರೆಕ್ಕೆ. ಈ ಲಕ್ಷಣ ಅಲ್ಲಿ ಇನ್ನೂ ಎದ್ದು ಕಾಣುತ್ತದೆ.

ಈ ಓರೆಕೋರೆ ಆಕಾರವೂ ಉಂಗುರದಲ್ಲೇ ನಿರ್ಧಾರವಾಗುತ್ತದೆ. ಹೊಸ ಏಣು ಹುಟ್ಟುವ ಜಾಗ ಸರಿಯಾಗಿ ಹಿಂಬದಿಯಲ್ಲಿರದೆ ಒಂದು ಪಕ್ಕಕ್ಕೆ ಸರಿದರೆ, ಒಂದು ಕಡೆಯ ಎಳೆಗಳಿಗೆ ದಂಟು ಸೇರಲು ದೂರದ ದಾರಿ. ಅವು ಉದ್ದವಾಗುತ್ತವೆ. ಇನ್ನೊಂದು ಕಡೆಯವು ಗಿಡ್ಡವಾಗುತ್ತವೆ. ಎಳೆ ದಂಟಿಗೆ ಸೇರುವ ಕೋನವೂ ಎರಡು ಕಡೆ ಬೇರೆ ಬೇರೆ. ವಿಜ್ಞಾನಿ ಚೆಂಗ್-ಮಿಂಗ್ ಚುವಾಂಗ್ ಅವರ ತಂಡ 2017ರಲ್ಲಿ ಇದರ ಹಿಂದೆ ರೆಟಿನೋಯಿಕ್ ಆಮ್ಲದ ಏರಿಳಿತ ಇರುವುದನ್ನು ತೋರಿಸಿತು. ನಮ್ಮ ದೇಹವೂ ವಿಟಮಿನ್ ಎಯಿಂದ ಮಾಡಿಕೊಳ್ಳುವ ವಸ್ತು ಅದು. ಅಂದರೆ ಹಾರುವ ಗರಿ ಮಾಡಲು ಹೊಸ ಯಂತ್ರವೇನೂ ಬೇಕಾಗಲಿಲ್ಲ. ಇದ್ದ ಉಂಗುರದಲ್ಲೇ ಒಂದು ಸಂದೇಶ ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕಾಯಿತು.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆ. ಹುರುಪೆ ಉದ್ದವಾಗಿ, ಅಂಚು ಸೀಳಿ ಗರಿಯಾಯಿತು ಎಂಬ ಚಿತ್ರ ನೂರು ವರ್ಷ ಹಳೆಯದು. ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ಅದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಅದು ಸರಿಯಲ್ಲ. ಹುರುಪೆ ಎಂದರೆ ಚರ್ಮದ ಮಡಿಕೆ. ಅದರ ಮೇಲ್ಬದಿ, ಕೆಳಬದಿ ಎರಡೂ ಚರ್ಮದ ಹೊರಮೈಯೇ. ಗರಿಯಲ್ಲಿ ಹಾಗಲ್ಲ. ಮೇಲ್ಬದಿ ಕೊಳವೆಯ ಹೊರಮೈ, ಕೆಳಬದಿ ಒಳಮೈ ಎಂದು ಆಗಲೇ ಹೇಳಿದೆನಲ್ಲ. ಚಪ್ಪಟೆ ಮಡಿಕೆಯನ್ನು ಎಷ್ಟು ಸೀಳಿದರೂ ಇದು ಬರುವುದಿಲ್ಲ.

ಆದರೆ ಸಂಬಂಧವೇ ಇಲ್ಲ ಎನ್ನುವುದೂ ತಪ್ಪು. ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ಮಿಶೆಲ್ ಮಿಲಿಂಕೋವಿಚ್ ಅವರ ತಂಡ 2016ರಲ್ಲಿ ಮೊಸಳೆ, ಹಾವು, ಓತಿಗಳ ಭ್ರೂಣಗಳನ್ನು ನೋಡಿತು. ಗರಿಗೂ ನಮ್ಮ ಕೂದಲಿಗೂ ಬುನಾದಿಯಾಗುವ ಆ ದಪ್ಪ ಚುಕ್ಕೆ ಅವುಗಳ ಹುರುಪೆ ಮೂಡುವ ಮುಂಚೆಯೂ ಕಾಣಿಸಿತು. ಬುನಾದಿ ಒಂದೇ, ಅದರ ಮೇಲೆ ಏಳುವುದು ಬೇರೆ ಬೇರೆ. ಅದೇ ಪ್ರಯೋಗಾಲಯದಿಂದ 2023ರಲ್ಲಿ ಇನ್ನೊಂದು ಪ್ರಯೋಗ ಬಂತು. ಕೋಳಿ ಭ್ರೂಣಕ್ಕೆ 11ನೇ ದಿನ ಸಾನಿಕ್ ಹೆಜ್‌ಹಾಗ್ ಸಂದೇಶವನ್ನು ಹೆಚ್ಚಿಸುವ ವಸ್ತುವನ್ನು ಒಂದೇ ಒಂದು ಸಲ ಚುಚ್ಚಿದರು. ಕಾಲಿನ ಮೇಲೆ ಹುರುಪೆ ಬರಬೇಕಾದ ಕಡೆ ಗರಿ ಬಂತು. ಮರಿ ಬೆಳೆದು ದೊಡ್ಡದಾದ ಮೇಲೂ ಗರಿಯೇ ಉಳಿಯಿತು. ಆಮೇಲೆ ಅದೇ ಸಂದೇಶವನ್ನು ಕೆಲಕಾಲ ತಡೆದು ನೋಡಿದಾಗ, ಗರಿಯ ಮೊಳಕೆ ಕವಲೊಡೆಯದೆ ಬರೀ ಕೊಳವೆಯಾಗಿ ನಿಂತಿತು.

ಪಾರಿವಾಳ ಸಾಕುವವರಿಗೆ ಇದರ ಸಹಜ ಉದಾಹರಣೆ ಗೊತ್ತೇ ಇರುತ್ತದೆ. ಕೆಲವು ತಳಿಗಳ ಕಾಲಿನಲ್ಲಿ ರೆಕ್ಕೆಯದ್ದೇ ಅನ್ನಿಸುವಷ್ಟು ದೊಡ್ಡ ಗರಿ ಬರುತ್ತವೆ. ರೆಕ್ಕೆ ಮಾಡಲು ಬಳಕೆಯಾಗುವ ಟಿಬಿಎಕ್ಸ್-5 ಎಂಬ ಜೀನು ಅಂಥ ಹಕ್ಕಿಗಳ ಕಾಲಿನಲ್ಲೂ ಎಚ್ಚೆತ್ತಿರುತ್ತದೆ.

ಬರೀ ಕೊಳವೆಯಾಗಿ ನಿಂತ ಆ ಮೊಳಕೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಪಕ್ಷಿತಜ್ಞ ರಿಚರ್ಡ್ ಪ್ರಮ್ 1999ರಲ್ಲಿ ಒಂದು ವಾದ ಮಂಡಿಸಿದರು. ಗರಿ ಬೆಳೆಯುವ ಕ್ರಮದಲ್ಲಿ ಯಾವುದು ಯಾವುದರ ಮೇಲೆ ನಿಂತಿದೆ ಎಂದು ನೋಡಿದರೆ, ವಿಕಾಸ ಯಾವ ಕ್ರಮದಲ್ಲಿ ಆಗಿರಬೇಕು ಎಂದು ಹೇಳಬಹುದು. ಕೊಳವೆ ಇಲ್ಲದೆ ಏಣು ಇಲ್ಲ. ಏಣು ಇಲ್ಲದೆ ಎಳೆ, ದಂಟು ಇಲ್ಲ. ಎಳೆ ಇಲ್ಲದೆ ಕಿರುಎಳೆ, ಕೊಕ್ಕೆ ಇಲ್ಲ. ಹಾಗಾಗಿ ಮೊದಲು ಬರೀ ಟೊಳ್ಳು ಕೂದಲಿನಂಥದ್ದು, ಆಮೇಲೆ ಎಳೆಗಳ ಗೊಂಚಲು, ಆಮೇಲೆ ದಂಟು ಮತ್ತು ಕಿರುಎಳೆ, ಆಮೇಲೆ ಕೊಕ್ಕೆ ಹಾಕಿಕೊಂಡ ಹಾಳೆ, ಎಲ್ಲಕ್ಕಿಂತ ಕೊನೆಗೆ ಒಂದು ಕಡೆ ಕಿರಿದಾದ ಹಾರುವ ಗರಿ. ಇದನ್ನು ಅವರು ಭ್ರೂಣ ನೋಡಿ ಹೇಳಿದ್ದು, ಪಳೆಯುಳಿಕೆ ನೋಡಿ ಅಲ್ಲ. ನನಗೆ ಈ ವಾದ ಇಷ್ಟು ಹಿಡಿಸಲು ಕಾರಣ ಅದೇ. ಅದನ್ನು ಮಣ್ಣಿನಡಿ ಹೋಗಿ ಪರೀಕ್ಷಿಸಬಹುದಿತ್ತು.

ಪರೀಕ್ಷೆಗೆ ಸಾಕ್ಷಿ ಸಿಕ್ಕಿದ್ದು ಹೆಚ್ಚಾಗಿ ಈಶಾನ್ಯ ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ. ಅಲ್ಲಿ ಕೆರೆಯ ತಳದ ನುಣ್ಣನೆಯ ಕೆಸರು, ಜ್ವಾಲಾಮುಖಿಯ ಬೂದಿ ಸೇರಿ ಗಟ್ಟಿಯಾದ ಕಲ್ಲಿನಲ್ಲಿ ಮೈಮೇಲಿನ ಪುಕ್ಕದ ಗುರುತೂ ಉಳಿದಿದೆ. ಹಕ್ಕಿಗಳು ಡೈನೋಸಾರುಗಳ ವಂಶದವೇ. 1996ರಲ್ಲಿ ಬೆಳಕಿಗೆ ಬಂದ ಸೈನೊಸಾರೊಪ್ಟೆರಿಕ್ಸ್ ಎಂಬ ಚಿಕ್ಕ ಡೈನೋಸಾರಿನ ಮೈಮೇಲೆ ಬರೀ ಸಾದಾ ಎಳೆಗಳು. ಸೈನಾರ್ನಿತೋಸಾರಸ್‌ನಲ್ಲಿ ಕವಲೊಡೆದ ಗೊಂಚಲು. ಕಾಡಿಪ್ಟೆರಿಕ್ಸ್‌ನ ಕೈಯಲ್ಲೂ ಬಾಲದಲ್ಲೂ ದಂಟಿರುವ ಪೂರ್ತಿ ಗರಿ. ಆದರೆ ದಂಟು ಸರಿಯಾಗಿ ನಡುವೆ. ಅದು ಹಾರುತ್ತಿರಲಿಲ್ಲ. 2003ರಲ್ಲಿ ಪ್ರಕಟವಾದ ಪಳೆಯುಳಿಕೆಗಳ ಪ್ರಕಾರ ಮೈಕ್ರೋರ‍್ಯಾಪ್ಟರ್‌ಗೆ ಕೈಯಲ್ಲೂ ಕಾಲಲ್ಲೂ ಗರಿ, ಅವುಗಳಲ್ಲಿ ಒಂದು ಕಡೆಯ ಅಲಗು ಕಿರಿದು. ಪ್ರಮ್ ಹೇಳಿದ ಮೆಟ್ಟಿಲುಗಳೆಲ್ಲ ಸಿಕ್ಕಿದವು.

ಇಲ್ಲಿ ಒಂದು ಅನುಮಾನ ಬರಬೇಕು. ಲಿಯಾವ್‌ನಿಂಗಿನ ಈ ಪ್ರಾಣಿಗಳು ಬದುಕಿದ್ದು ಸುಮಾರು 12ರಿಂದ 13 ಕೋಟಿ ವರ್ಷಗಳ ಹಿಂದೆ. ಜರ್ಮನಿಯ ಬವೇರಿಯಾದಲ್ಲಿ 1861ರಲ್ಲಿ ಗುರುತಾದ ಆದಿಹಕ್ಕಿ ಆರ್ಕಿಯೋಪ್ಟೆರಿಕ್ಸ್ ಸುಮಾರು 15 ಕೋಟಿ ವರ್ಷ ಹಳೆಯದು, ಆದರೂ ಅದರ ಗರಿ ಆಗಲೇ ಹಾರುವ ಗರಿ. ಮೆಟ್ಟಿಲು ತಲೆಕೆಳಗಾಯಿತಲ್ಲ? ಆಗಲಿಲ್ಲ. ಲಿಯಾವ್‌ನಿಂಗಿನವು ಹಕ್ಕಿಯ ಅಜ್ಜಂದಿರಲ್ಲ, ಬೇರೆ ಬೇರೆ ಕಾಲದಲ್ಲಿ ಕವಲೊಡೆದ ದಾಯಾದಿಗಳು. ಹಳೆಯ ಮನೆತನದ ಪದ್ಧತಿ ಕೆಲವು ಶಾಖೆಗಳಲ್ಲಿ ಬಹಳ ಕಾಲ ಹಾಗೇ ಉಳಿದಿತ್ತು. ಸುಮಾರು 16 ಕೋಟಿ ವರ್ಷ ಹಿಂದಿನ ಡೈನೋಸಾರು ಆಂಕಿಯೋರ್ನಿಸ್‌ನ ರೆಕ್ಕೆ ಗರಿಗಳಲ್ಲಿ ದಂಟು ನಡುವೆಯೇ ಇತ್ತು ಎಂಬುದೂ ಇದಕ್ಕೆ ಹೊಂದುತ್ತದೆ.

ಹಾಗಾದರೆ ಹಾರದ ಗರಿ ಯಾಕೆ ಬೇಕಿತ್ತು? "ಅರ್ಧ ರೆಕ್ಕೆ" ಎಂದು ನಾವು ಕರೆಯುವುದು ಮುಂದೆ ಏನಾಯಿತು ಎಂದು ಗೊತ್ತಿರುವುದರಿಂದ. ಆ ಪ್ರಾಣಿಗೆ ಅದು ಅರ್ಧವಾಗಿರಲಿಲ್ಲ. ಸಾದಾ ಎಳೆ ಮೈ ಬೆಚ್ಚಗಿಡುತ್ತದೆ. ಒಂಬತ್ತು ಮೀಟರ್ ಉದ್ದದ ಯುಟಿರಾನಸ್ ಎಂಬ ಭಾರೀ ಡೈನೋಸಾರಿಗೂ ಮೈಮೇಲೆ ಎಳೆಗಳಿದ್ದವು. ಇನ್ನೊಂದು ಉಪಯೋಗ ತೋರಿಕೆ. 2010ರಲ್ಲಿ ಸೈನೊಸಾರೊಪ್ಟೆರಿಕ್ಸ್‌ನ ಎಳೆಗಳಲ್ಲಿ ಬಣ್ಣದ ಕಣಗಳ ಗುರುತು ಸಿಕ್ಕಿ, ಅದರ ಬಾಲದಲ್ಲಿ ಕೆಂಗಂದು, ಬಿಳಿ ಪಟ್ಟೆ ಇದ್ದವೆಂದು ತಿಳಿಯಿತು. ಕಾಡಿಪ್ಟೆರಿಕ್ಸ್‌ನ ಬಾಲದ ತುದಿಯ ಬೀಸಣಿಗೆ ಕಂಡರೆ ಅದು ಯಾರಿಗೋ ತೋರಿಸಲೆಂದೇ ಇದ್ದಂತಿದೆ. ಮಂಗೋಲಿಯಾದ ಗೋಬಿಯಲ್ಲಿ ಮೊಟ್ಟೆಗಳ ಮೇಲೆ ಕೈ ಹರಡಿಕೊಂಡು ಕೂತ ಭಂಗಿಯಲ್ಲೇ ಕಲ್ಲಾದ ಡೈನೋಸಾರುಗಳು ಸಿಕ್ಕಿವೆ. ಆ ಕೈಯಲ್ಲಿ ಉದ್ದ ಗರಿಗಳಿದ್ದರೆ ಮೊಟ್ಟೆಗೆ ನೆರಳೂ ಕಾವೂ ಸಿಗುತ್ತಿತ್ತು. ಅದೇ ದೇಶದ ವೆಲಾಸಿರ‍್ಯಾಪ್ಟರ್‌ನ ಮುಂಗೈ ಮೂಳೆಯಲ್ಲಿ ಗರಿ ಕಚ್ಚಿಕೊಳ್ಳುವ ಗುಬುಟುಗಳ ಸಾಲು 2007ರಲ್ಲಿ ಕಂಡುಬಂತು. ಹಲವು ಹಕ್ಕಿಗಳ ಮೂಳೆಯ ಮೇಲೂ ಅಂಥದೇ ಸಾಲು ಇದೆ.

ಇನ್ನೊಂದು ಉಪಯೋಗವನ್ನು ನಿಮ್ಮ ಅಂಗಳದಲ್ಲೇ ನೋಡಬಹುದು. ಅಮೆರಿಕದ ಕೆನೆತ್ ಡಯಲ್ 2003ರಲ್ಲಿ ಚುಕಾರ್ ಎಂಬ ಕೌಜುಗದ ಮರಿಗಳನ್ನು ಇಳಿಜಾರು ಹಲಗೆಗಳ ಮೇಲೆ ಓಡಿಸಿ ನೋಡಿದರು. ಇನ್ನೂ ಹಾರಲು ಬಾರದ, ಗರಿ ಅರ್ಧ ಬೆಳೆದ ಮರಿಗಳು ರೆಕ್ಕೆ ಬಡಿಯುತ್ತಾ ಕಡಿದಾದ ಏರು ಹತ್ತಿದವು. ಆ ಬಡಿತ ಮೈಯನ್ನು ಹಲಗೆಗೆ ಒತ್ತಿ ಹಿಡಿಯುತ್ತಿತ್ತು, ಕಾಲು ಜಾರುತ್ತಿರಲಿಲ್ಲ. ಗರಿ ಕತ್ತರಿಸಿದಾಗ ಅಷ್ಟು ಕಡಿದು ಹತ್ತಲು ಆಗಲಿಲ್ಲ. ಹಾರಾಟ ಹೀಗೇ ಶುರುವಾಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಮರದಿಂದ ತೇಲಿ ಇಳಿದೇ ಶುರುವಾಯಿತು ಎನ್ನುವವರೂ ಇದ್ದಾರೆ. ಆದರೆ ಬೆಳೆಯುತ್ತಿರುವ ಗರಿ ಬೆಳೆಯುತ್ತಿರುವಾಗಲೇ ಉಪಯೋಗಕ್ಕೆ ಬರುತ್ತದೆ ಎಂಬುದಂತೂ ಕಣ್ಣಿಗೆ ಕಾಣುವ ವಿಷಯ.

ಒಮ್ಮೆ ಹಾರಲು ಒಗ್ಗಿದ ಮೇಲೆ ಮಾತ್ರ ಗರಿಯ ಸಂಖ್ಯೆಯ ಮೇಲೆ ಬಿಗಿ ಹಿಡಿತ ಬಂತು. ಈಗ ಹಾರುವ ಎಲ್ಲ ಹಕ್ಕಿಗಳಿಗೂ ಕೈಭಾಗದಲ್ಲಿ, ಅಂದರೆ ರೆಕ್ಕೆಯ ಹೊರತುದಿಯ ಭಾಗದಲ್ಲಿ, 9ರಿಂದ 11 ದೊಡ್ಡ ಗರಿ. ಕೋಳಿಗೆ 10. ಹಾರಾಟ ಬಿಟ್ಟವುಗಳಲ್ಲಿ ಈ ಕಟ್ಟುಪಾಡು ಇಲ್ಲ. ಪೆಂಗ್ವಿನ್‌ಗೆ 40ಕ್ಕೂ ಜಾಸ್ತಿ ಪುಟ್ಟ ಗರಿ, ಎಮುಗೆ ಅವು ಇಲ್ಲವೇ ಇಲ್ಲ.

ಕೊನೆಯದು, ನಿಮ್ಮ ಹೇಂಟೆ. ಬೆಳೆದು ಮುಗಿದ ಗರಿ ಸತ್ತ ವಸ್ತು, ನಮ್ಮ ಉಗುರಿನ ತುದಿಯಂತೆಯೇ. ಕತ್ತರಿಸಿದರೆ ನೋವಿಲ್ಲ, ಆದರೆ ತುಂಡಾದದ್ದು ಉದ್ದವಾಗುವುದಿಲ್ಲ. ಆ ಮೋಟು ಮುಂದಿನ ಸಲ ಗರಿ ಉದುರುವವರೆಗೂ ಹಾಗೇ ಇರುತ್ತದೆ. ದೊಡ್ಡ ಕೋಳಿಗಳಲ್ಲಿ ಇದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಕೈಭಾಗದ ಗರಿಗಳಲ್ಲಿ ಒಳಗಿನದು ಮೊದಲು ಉದುರಿ, ಸಾಲಾಗಿ ಹೊರಗಿನ ತುದಿಯವರೆಗೆ ಹೋಗುತ್ತದೆ. ಗುಳಿಯ ಉಂಗುರ ಮತ್ತೆ ಎಚ್ಚೆತ್ತು ಹೊಸ ಕೊಳವೆ ತಳ್ಳುತ್ತದೆ. ಹೀಗೆ ಒಂದೊಂದಾಗಿ ಬದಲಾದರೆ ಹಾರಾಟ ನಿಲ್ಲುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಉದುರಿಸುವ ಹಕ್ಕಿಗಳೂ ಇವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟಿನ ಕಡೆ ಇದ್ದಾಗಲೇ ಬೇಸಿಗೆಯಲ್ಲಿ ರೆಕ್ಕೆ ಗರಿ ಕಳೆದುಕೊಂಡು ಕೆಲವು ವಾರ ನೀರಿನ ಹತ್ತಿರವೇ ಉಳಿಯುತ್ತವೆ. ಬೂದು ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಕೂತ ಮೇಲೆ ಗರಿ ಬದಲಿಸುತ್ತದೆ. ಮರಿ ಬೆಳೆಯುವಷ್ಟರಲ್ಲಿ ಅದಕ್ಕೂ ಹೊಸ ರೆಕ್ಕೆ ಸಿದ್ಧ.

ಹೇಂಟೆಯ ಮೋಟು ಗರಿಗಳನ್ನು ಬೇಗ ಬರಲಿ ಅಂತ ಸುಮ್ನೆ ಕೀಳಬೇಡಿ. ಕಿತ್ತರೆ ಹೊಸದು ಬೇಗ ಹುಟ್ಟುವುದು ನಿಜ, ಆದರೆ ಅದು ನೋವಿನ ಕೆಲಸ, ಗುಳಿಗೆ ಪೆಟ್ಟಾದರೆ ಮುಂದೆ ಗರಿ ಸೊಟ್ಟಗೆ ಬರಬಹುದು. ಮತ್ತೆ ಕತ್ತರಿಸಬೇಕಾಗಿ ಬಂದರೆ ಒಂದೇ ರೆಕ್ಕೆಯದನ್ನು ಕತ್ತರಿಸಿ, ತೂಕ ತಪ್ಪಿ ಬೇಲಿ ಹಾರಲು ಆಗುವುದಿಲ್ಲ. ಅದಕ್ಕೂ ಮುಂಚೆ ರೆಕ್ಕೆಯನ್ನು ಬೆಳಕಿಗೆ ಹಿಡಿದು ಬುಡ ನೋಡಿ. ಬಿಳಿಯಾಗಿ ಟೊಳ್ಳಾಗಿ ಕಂಡರೆ ಕತ್ತರಿ ಹಾಕಬಹುದು. ಕಪ್ಪಾಗಿ, ತುಂಬಿದಂತೆ ಕಂಡರೆ ಒಳಗೆ ಇನ್ನೂ ರಕ್ತ ಹರಿಯುತ್ತಿದೆ, ಕೆಲವು ವಾರ ಕಾಯಿರಿ.